ಬೆಳಗಿನ ಬಿಗಿತ

ಬೆನ್ನುನೋವು ಎಂದವರಿಗೆ ನಮ್ಮಲ್ಲಿ ಮನೆಮಂದಿಯೆಲ್ಲ ಹೇಳುವ ಮದ್ದು ವಿಶ್ರಾಂತಿ. ನಾಲ್ಕು ದಿನ ಮಲಗು, ಬಗ್ಗಬೇಡ, ಬಿಂದಿಗೆ ಎತ್ತಬೇಡ. ಗದ್ದೆ ಕೆಲಸದಲ್ಲಿ ಉಳುಕಿದ ಸೊಂಟಕ್ಕೆ ಒಂದೆರಡು ದಿನದ ಮಟ್ಟಿಗೆ ಈ ಮಾತು ನಡೆದೀತು. ಆದರೆ ಮಲಗಿದಷ್ಟೂ ಹೆಚ್ಚುವ, ಎದ್ದು ಓಡಾಡಿದಷ್ಟೂ ಇಳಿಯುವ ಇನ್ನೊಂದು ಬಗೆಯ ಬೆನ್ನುನೋವಿದೆ. ಬಹುಮಟ್ಟಿಗೆ ಇಪ್ಪತ್ತರ ಹರೆಯದಲ್ಲಿ, ಎಲ್ಲೂ ಬೀಳದೆ, ಪೆಟ್ಟು ತಿನ್ನದೆ, ತನ್ನಷ್ಟಕ್ಕೆ ಶುರುವಾಗುತ್ತದೆ. ಒಮ್ಮೆ ಬಲ ಪಿರ್ರೆಯಲ್ಲಿ, ಇನ್ನೊಮ್ಮೆ ಎಡ ಪಿರ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿಯ ಎರಡನೇ ಜಾವ ಕಳೆದ ಮೇಲೆ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಹಲಗೆಯಾಗಿರುತ್ತದೆ. ಆ ಬಿಗಿ ಬಿಡಲು ಅರ್ಧ ಗಂಟೆ, ಒಮ್ಮೊಮ್ಮೆ ಎರಡು ಗಂಟೆಯೂ ಬೇಕು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗ ಎಲ್ಲರಂತೆ ಓಡಾಡುತ್ತಿರುತ್ತಾನೆ. ಹಾಗಾಗಿ ಅವನ ನೋವನ್ನು ಯಾರೂ ಪೂರ್ತಿಯಾಗಿ ನಂಬುವುದಿಲ್ಲ. ಸೋಮಾರಿತನ ಎಂದವರೂ ಉಂಟು.

ಈ ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಇದನ್ನು ಹೊತ್ತು ಬದುಕುವವರು ಚುಟುಕಾಗಿ ಎ.ಎಸ್. ಎನ್ನುತ್ತಾರೆ. ಜೀವನಪರ್ಯಂತ ಜೊತೆಗಿರುವ ಕಾಯಿಲೆಗಳು ನೂರಾರಿವೆ, ಅವುಗಳಲ್ಲಿ ಹಲವಕ್ಕೆ ಮೈ ಚಾಚುವ ವ್ಯಾಯಾಮವನ್ನು ವೈದ್ಯರು ಹೇಳುತ್ತಾರೆ. ಆದರೆ ದಿನದಿನದ ಸ್ಟ್ರೆಚಿಂಗ್ ಎಂಬುದು ಮಾತ್ರೆಯಷ್ಟೇ ಮುಖ್ಯವಾದ ಚಿಕಿತ್ಸೆ ಎಂದು ಎ.ಎಸ್.ನಲ್ಲಿ ಹೇಳಿದಷ್ಟು ಖಚಿತವಾಗಿ ಬೇರೆಲ್ಲೂ ಹೇಳುವುದು ಕಷ್ಟ. ಅದಕ್ಕೇ ಈ ಅಧ್ಯಾಯಕ್ಕೆ ಇದನ್ನು ಆರಿಸಿಕೊಂಡೆ.

ಐರ್ಲೆಂಡಿನ ವೈದ್ಯ ಬರ್ನಾರ್ಡ್ ಕಾನರ್ 1690ರ ದಶಕದಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಒಂದು ಅಸ್ಥಿಪಂಜರವನ್ನು ವರ್ಣಿಸಿದ. ಅದರಲ್ಲಿ ಸೊಂಟದ ಮೂಳೆಗಳು, ಅವುಗಳ ನಡುವಿನ ತ್ರಿಕಾಸ್ಥಿ, ಹದಿನೈದು ಕಶೇರುಗಳು ಮತ್ತು ಕೆಲವು ಪಕ್ಕೆಲುಬುಗಳು ಬೆಸೆದು ಒಂದೇ ಮೂಳೆಯಾಗಿದ್ದವು. ಕಾಯಿಲೆಯ ಕೊನೆಯ ಘಟ್ಟವನ್ನು ಅವನು ಕಂಡಿದ್ದ. ಶುರುವಾಗುವ ಜಾಗ ಮೂಳೆಯಲ್ಲ. ಅಸ್ಥಿರಜ್ಜು ಅಥವಾ ಸ್ನಾಯುರಜ್ಜು ಮೂಳೆಗೆ ಬಂದು ಅಂಟಿಕೊಳ್ಳುವ ಗಡಿ. ಅಲ್ಲಿ ಉರಿಯೂತ ಹತ್ತುತ್ತದೆ. ಉರಿ ತಣಿದಾಗ ದೇಹ ರಿಪೇರಿಗೆ ತೊಡಗುತ್ತದೆ, ಆ ರಿಪೇರಿಯಲ್ಲಿ ಬೇಡದ ಕಡೆ ಹೊಸ ಮೂಳೆ ಬೆಳೆಯುತ್ತದೆ. ವರ್ಷಗಳು ಕಳೆದಂತೆ ಒಂದು ಕಶೇರುವಿನಿಂದ ಇನ್ನೊಂದಕ್ಕೆ ಮೂಳೆಯ ಸೇತುವೆ ಕಟ್ಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಆ ಬೆನ್ನು ಗೆಣ್ಣು ಗೆಣ್ಣಾಗಿ ಕಾಣುವುದರಿಂದ ವೈದ್ಯಕೀಯದಲ್ಲಿ ಅದಕ್ಕೆ ಬಿದಿರು ಬೆನ್ನು ಎಂದೇ ಹೆಸರು. ಎಲ್ಲರಲ್ಲೂ ಇದು ಅಲ್ಲಿಯವರೆಗೆ ಹೋಗುವುದಿಲ್ಲ ಎಂಬುದನ್ನು ಇಲ್ಲೇ ಒತ್ತಿ ಹೇಳಬೇಕು. ಅನೇಕರಲ್ಲಿ ಸೊಂಟದ ಕೀಲುಗಳಲ್ಲೇ ನಿಂತುಬಿಡುತ್ತದೆ.

1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಈ ಕಾಯಿಲೆಗೂ ಎಚ್‌ಎಲ್‌ಎ-ಬಿ27 ಎಂಬ ಜೀನ್‌ಗೂ ಇರುವ ನಂಟನ್ನು ಬೇರೆ ಬೇರೆಯಾಗಿಯೇ ಕಂಡುಹಿಡಿದವು. ಯುರೋಪಿನ ರೋಗಿಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿಯಲ್ಲಿ ಈ ಜೀನ್ ಇರುತ್ತದೆ. ಹಾಗೆಂದು ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬರುವುದು ನೂರರಲ್ಲಿ ಕೆಲವರಿಗೆ ಮಾತ್ರ. ರಕ್ತಪರೀಕ್ಷೆಯ ಚೀಟಿಯಲ್ಲಿ ಪಾಸಿಟಿವ್ ಎಂದು ಕಂಡ ಕೂಡಲೇ ಎದೆಗುಂದುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಚಿಕಿತ್ಸೆಯ ಇತಿಹಾಸ ಅಷ್ಟು ಹಿತವಾಗಿಲ್ಲ. ಬೆನ್ನು ಬಾಗದಿರಲೆಂದು ರೋಗಿಗಳನ್ನು ಪ್ಲಾಸ್ಟರಿನಲ್ಲಿ ಕಟ್ಟಿ ಮಲಗಿಸಿದ ಕಾಲವಿತ್ತು. ಆಮೇಲೆ ಬೆನ್ನಿಗೆ ಎಕ್ಸ್‌ರೇ ವಿಕಿರಣ ಕೊಡುವ ಪದ್ಧತಿ ಬಂತು. ನೋವು ಇಳಿಯುತ್ತಿತ್ತು, ನಿಜ. ಆದರೆ ಬ್ರಿಟನ್ನಿನಲ್ಲಿ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಹಾಗೆ ಚಿಕಿತ್ಸೆ ಪಡೆದ ಸಾವಿರಾರು ರೋಗಿಗಳ ದಾಖಲೆ ತೆಗೆದು ನೋಡಿದಾಗ ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿರುವುದು ಗೊತ್ತಾಯಿತು. ಅವರ ವರದಿ ಹೊರಬಂದದ್ದು 1957ರಲ್ಲಿ. ಇವತ್ತು ಉರಿಯೂತ ತಗ್ಗಿಸುವ ಸಾಮಾನ್ಯ ಮಾತ್ರೆಗಳಿವೆ, ಅವು ಸಾಲದಾದಾಗ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಜೈವಿಕ ಇಂಜೆಕ್ಷನ್‌ಗಳಿವೆ, ಅವುಗಳ ನಂತರ ಬಂದ ಬೇರೆ ಔಷಧಿಗಳೂ ಇವೆ. ಇಷ್ಟೆಲ್ಲ ಬಂದ ಮೇಲೂ ಯುರೋಪಿನ ತಜ್ಞರ ಮಾರ್ಗಸೂಚಿಗಳಿಂದ ವ್ಯಾಯಾಮ ಕೈಬಿಟ್ಟುಹೋಗಿಲ್ಲ. ಔಷಧಿ ಬಿಗಿ ಸಡಿಲಿಸುತ್ತದೆ, ಆದರೆ ಸಡಿಲವಾದ ಬೆನ್ನನ್ನು ಅಲ್ಲಾಡಿಸುವವರು ನಾವೇ ಆಗಬೇಕು.

ಬೆಳಿಗ್ಗೆಯೇ ಏಕೆ ಇಷ್ಟು ಬಿಗಿ? ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ನಮ್ಮ ದೇಹ ತಾನೇ ತಯಾರಿಸುವ ಉರಿಯೂತ ನಿರೋಧಕ ಹಾರ್ಮೋನು ಕಾರ್ಟಿಸಾಲ್, ನಡುರಾತ್ರಿಯ ಆಸುಪಾಸು ಅತ್ಯಂತ ಕಡಿಮೆ ಇರುತ್ತದೆ, ಬೆಳಗಿನ ಜಾವ ಏರುತ್ತದೆ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಅಣು ಆ ಹೊತ್ತಿಗೇ ಉಬ್ಬರಕ್ಕೆ ಬರುವುದನ್ನು ಅಳೆದು ನೋಡಿದ್ದಾರೆ. ಇದರ ಜೊತೆಗೆ, ರಾತ್ರಿಯಿಡೀ ಅಲುಗಾಡದ ಅಂಗಾಂಶದಲ್ಲಿ ದ್ರವ ಕಟ್ಟಿಕೊಳ್ಳುತ್ತದೆ. ಸ್ನಾಯು ಸಂಕುಚಿಸಿ ಸಡಿಲಿಸಿದಾಗ ಮಾತ್ರ ಆ ದ್ರವ ಸರಿಯುತ್ತದೆ.

ಮೂರನೆಯ ಕಾರಣ ಆರೋಗ್ಯವಂತರಿಗೂ ಅನ್ವಯಿಸುತ್ತದೆ, ನನಗೆ ತುಂಬ ಕುತೂಹಲದ್ದೆನಿಸುವುದೂ ಅದೇ. ಕಶೇರುಗಳ ನಡುವಿನ ಡಿಸ್ಕ್‌ಗಳು ಹಗಲೆಲ್ಲ ಮೈಭಾರಕ್ಕೆ ನೀರು ಬಿಟ್ಟುಕೊಡುತ್ತವೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಂಡು ಉಬ್ಬುತ್ತವೆ. ಹೀಗಾಗಿ ನಾವೆಲ್ಲರೂ ಸಂಜೆಗಿಂತ ಬೆಳಿಗ್ಗೆ ಒಂದು, ಒಂದೂವರೆ ಸೆಂಟಿಮೀಟರು ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್ ಬಾಗುವುದಕ್ಕೆ ಒಪ್ಪುವುದಿಲ್ಲ. ಬ್ರಿಟನ್ನಿನ ಆಡಮ್ಸ್, ಡೋಲನ್ ಮತ್ತು ಹಟನ್ 1987ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಮುಂದಕ್ಕೆ ಬಾಗಿದಾಗ ಡಿಸ್ಕ್ ಮೇಲೆ ಬೀಳುವ ಒತ್ತಡ ಹಗಲಿಗಿಂತ ಮುಂಜಾನೆ ಹಲವು ಪಟ್ಟು ಹೆಚ್ಚು. ಎದ್ದ ತಕ್ಷಣ ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟುವ ಸಾಹಸ, ಎ.ಎಸ್. ಇರಲಿ ಇಲ್ಲದಿರಲಿ, ಯಾರಿಗೂ ಒಳ್ಳೆಯದಲ್ಲ. ಮೊದಲ ಒಂದು ಗಂಟೆ ಬೆನ್ನನ್ನು ಮುಂದೆ ಬಗ್ಗಿಸದೆ ಕೈಕಾಲು, ಭುಜ, ಎದೆಗಳನ್ನು ಸಡಿಲಿಸಿಕೊಳ್ಳುವುದೇ ಜಾಣತನ.

ಇನ್ನು ಸ್ಟ್ರೆಚಿಂಗ್ ಎಂಬ ಕ್ರಿಯೆಯ ಒಳಹೊಕ್ಕು ನೋಡೋಣ. ಚಾಚಿದರೆ ಸ್ನಾಯು ಉದ್ದವಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಸ್ನಾಯುವಿನ ಒಂದೊಂದು ನಾರಿನಲ್ಲೂ ಸಾರ್ಕೋಮಿಯರ್ ಎಂಬ ಘಟಕಗಳು ಸಾಲಾಗಿ ಜೋಡಣೆಯಾಗಿವೆ. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ. ಅದರೊಳಗೆ ಟೈಟಿನ್ ಎಂಬ ಸ್ಪ್ರಿಂಗಿನಂಥ ಪ್ರೋಟೀನು ಇದೆ. ಮನುಷ್ಯರ ದೇಹದಲ್ಲಿರುವ ಪ್ರೋಟೀನುಗಳಲ್ಲೆಲ್ಲ ದೊಡ್ಡದು ಅದೇ. ಸ್ನಾಯುವನ್ನು ಎಳೆದಾಗ ಮೊದಲು ಚಾಚುವುದು ಈ ಟೈಟಿನ್, ಅದರ ಸುತ್ತಲಿನ ಕೊಲ್ಲಾಜೆನ್ ಹೊದಿಕೆ ಆಮೇಲೆ. ಈ ಹೊದಿಕೆಯ ಗುಣ ಅಂಟುಪಾಕಕ್ಕೆ ಬಂದ ಬೆಲ್ಲದ್ದು: ಬಿಸಿ ಇರುವಾಗ ಮೆಲ್ಲಗೆ ಎಳೆದರೆ ಎಳೆಯಾಗಿ ಬರುತ್ತದೆ, ತಣ್ಣಗಾದಾಗ ಜಗ್ಗಿದರೆ ಪಟ್ಟೆಂದು ತುಂಡಾಗುತ್ತದೆ. ಸ್ನಾನದ ನಂತರ ಮೈ ಚಾಚುವುದು ಸುಲಭ ಎಂದು ರೋಗಿಗಳು ಅನುಭವದಿಂದ ಹೇಳುವ ಮಾತಿಗೆ ಇದೂ ಒಂದು ಆಧಾರ.

ಸ್ನಾಯುವಿನ ಒಳಗೆ ಕಾವಲುಗಾರರೂ ಇದ್ದಾರೆ. ಎಷ್ಟು ವೇಗದಲ್ಲಿ, ಎಷ್ಟು ಉದ್ದಕ್ಕೆ ಎಳೆಯಲಾಗುತ್ತಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣವೂ ಬೆನ್ನುಹುರಿಗೆ ಮುಟ್ಟಿಸುವ ಸಣ್ಣ ಸಂವೇದಕಗಳು ಅವು. ಜೋರಾಗಿ ಜಗ್ಗಿದರೆ ಬೆನ್ನುಹುರಿ ಮಿದುಳನ್ನು ಕೇಳದೆಯೇ ಆ ಸ್ನಾಯುವಿಗೆ ಬಿಗಿಯಾಗಲು ಆಜ್ಞೆ ಕೊಡುತ್ತದೆ. ಲಿಡೆಲ್ ಮತ್ತು ಶೆರಿಂಗ್ಟನ್ 1924ರಲ್ಲಿ ವಿವರಿಸಿದ ಪ್ರತಿವರ್ತನ ಇದೇ. ಕುಲುಕಿ ಕುಲುಕಿ, ಎಗರಿಸಿ ಎಗರಿಸಿ ಚಾಚುವ ಶಾಲಾ ಡ್ರಿಲ್ಲಿನ ರೀತಿ ಬಿಗಿ ಇರುವವರಿಗೆ ಏಕೆ ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಿಧಾನವಾಗಿ ಹೋಗಿ, ಎಳೆತ ಗೊತ್ತಾಗುವ ಜಾಗದಲ್ಲಿ ನಿಂತು, ಉಸಿರು ಬಿಡುತ್ತಾ ಕಾದರೆ ಆ ಕಾವಲು ಸಡಿಲಗೊಳ್ಳುತ್ತದೆ.

ಹಾಗಾದರೆ ವಾರಗಟ್ಟಲೆ ಚಾಚಿದ ಮೇಲೆ ಸ್ನಾಯು ನಿಜವಾಗಿ ಉದ್ದವಾಗುತ್ತದೆಯೇ? ಡೆನ್ಮಾರ್ಕಿನಲ್ಲಿ ಪೀಟರ್ ಮ್ಯಾಗ್ನುಸನ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಅಳೆದರು. 1996ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೆಲವರು ಮೂರು ವಾರ ದಿನವೂ ಒಂದು ಕಾಲಿನ ತೊಡೆಯ ಹಿಂಭಾಗವನ್ನು ಮಾತ್ರ ಚಾಚಿದರು, ಇನ್ನೊಂದು ಕಾಲನ್ನು ಹೋಲಿಕೆಗೆ ಬಿಟ್ಟರು. ಚಾಚಿದ ಕಾಲು ಮೊದಲಿಗಿಂತ ಹೆಚ್ಚು ಎತ್ತರಕ್ಕೆ ಬಂತು. ಆದರೆ ಒಂದೇ ಕೋನದಲ್ಲಿ ಎಳೆದಾಗ ಸ್ನಾಯು ಒಡ್ಡುವ ತಡೆ ಮಾತ್ರ ಮುಂಚೆ ಎಷ್ಟಿತ್ತೋ ಅಷ್ಟೇ ಇತ್ತು! ಅಂದರೆ ಬದಲಾದದ್ದು ಸ್ನಾಯುವಿನ ಉದ್ದಕ್ಕಿಂತ ಹೆಚ್ಚಾಗಿ ಎಳೆತವನ್ನು ತಾಳಿಕೊಳ್ಳುವ ನರಮಂಡಲದ ಮಿತಿ. ಇಷ್ಟು ದೂರ ಹೋದರೆ ಅಪಾಯವಿಲ್ಲ ಎಂದು ಮಿದುಳು ಕಲಿತಿತ್ತು.

ದೀರ್ಘಕಾಲದ ಕಾಯಿಲೆ ಇರುವವರಿಗೆ ಇದಕ್ಕಿಂತ ಉಪಯುಕ್ತವಾದ ಫಲಿತಾಂಶ ನನಗೆ ಕಾಣದು. ನೋವಿನ ಜೊತೆ ವರ್ಷಗಳನ್ನು ಕಳೆದ ಮಿದುಳು ಬೇಗ ಹೆದರುತ್ತದೆ, ಬೇಗ ಬೀಗ ಹಾಕುತ್ತದೆ. ಅದನ್ನು ಒಂದು ಭಾನುವಾರದ ಬಲವಂತದಿಂದ ಒಪ್ಪಿಸಲಾಗದು. ದಿನವೂ ಸ್ವಲ್ಪ, ನೋಯಿಸದಷ್ಟು, ಮತ್ತೆ ಮತ್ತೆ ಕೇಳಿಸಿಕೊಂಡರೆ ಅದು ನಂಬುತ್ತದೆ. ಎಷ್ಟು ಹೊತ್ತು ಎಂಬುದಕ್ಕೂ ಉತ್ತರವಿದೆ. ಅಮೆರಿಕದ ವಿಲಿಯಂ ಬ್ಯಾಂಡಿ ತಂಡ 1997ರಲ್ಲಿ ಕಂಡಂತೆ, ದಿನಕ್ಕೊಮ್ಮೆ 30 ಸೆಕೆಂಡು ಹಿಡಿದವರಿಗೆ ಸಿಕ್ಕಿದ ಲಾಭವೂ 60 ಸೆಕೆಂಡು ಹಿಡಿದವರಿಗೆ, ದಿನಕ್ಕೆ ಮೂರು ಸಲ ಮಾಡಿದವರಿಗೆ ಸಿಕ್ಕಿದ ಲಾಭವೂ ಒಂದೇ. ಅದು ಆರೋಗ್ಯವಂತ ಯುವಜನರ ಲೆಕ್ಕ. ವಯಸ್ಸಾದವರಿಗೆ ಒಂದು ನಿಮಿಷ ಹಿಡಿದರೆ ಮೇಲು ಎಂದು ಇನ್ನೊಂದು ಅಧ್ಯಯನ ಹೇಳಿತು. ಒಟ್ಟಿನಲ್ಲಿ ಗಂಟೆಗಟ್ಟಲೆ ಬೇಕಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದರ ಪುರಾವೆ ಇನ್ನೂ ಬಲವಾಗಿದೆ. ಫ್ರಾನ್ಸಿನ ಟಬಾರಿ ತಂಡ 1972ರಲ್ಲಿ ಬೆಕ್ಕಿನ ಕಾಲನ್ನು ಮೀನಖಂಡದ ಸ್ನಾಯು ಗಿಡ್ಡವಾಗಿರುವ ಭಂಗಿಯಲ್ಲಿ ಕೆಲವು ವಾರ ಪ್ಲಾಸ್ಟರು ಹಾಕಿ ಇಟ್ಟಿತು. ಸಾಲಿನಲ್ಲಿದ್ದ ಸಾರ್ಕೋಮಿಯರ್‌ಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಕಾಣೆಯಾಗಿದ್ದವು. ಸ್ನಾಯು ತನ್ನನ್ನು ಇಟ್ಟ ಉದ್ದಕ್ಕೆ ತಕ್ಕಂತೆ ತನ್ನನ್ನೇ ಕತ್ತರಿಸಿಕೊಂಡಿತ್ತು. ಪ್ಲಾಸ್ಟರು ಬಿಚ್ಚಿದ ಮೇಲೆ ಕೆಲವೇ ವಾರಗಳಲ್ಲಿ ಅವು ಮರಳಿ ಬೆಳೆದವು ಎಂಬುದೇ ಸಮಾಧಾನ. ಪ್ಯಾಮ್ ವಿಲಿಯಮ್ಸ್ ಎಂಬ ವಿಜ್ಞಾನಿ 1990ರಲ್ಲಿ ಇಲಿಗಳಲ್ಲಿ ಇದರ ಮುಂದಿನ ಪ್ರಶ್ನೆ ಕೇಳಿದರು: ದಿನವಿಡೀ ಕಟ್ಟಿಟ್ಟ ಕಾಲನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಿಚ್ಚಿ ಚಾಚಿದರೆ ಸಾಕೇ? ಅರ್ಧ ಗಂಟೆ ಸಾಕಾಗಿತ್ತು. ಇಪ್ಪತ್ಮೂರೂವರೆ ಗಂಟೆಯ ನಷ್ಟವನ್ನು ಅರ್ಧ ಗಂಟೆ ತಡೆದಿತ್ತು.

ಕಂಪ್ಯೂಟರಿನ ಮುಂದೆ ಕುಳಿತೇ ದಿನ ಕಳೆಯುವವರ ಸೊಂಟದ ಮುಂಭಾಗದ ಸ್ನಾಯುಗಳು ಈ ಪ್ಲಾಸ್ಟರು ಹಾಕಿದ ಬೆಕ್ಕಿನ ಕಾಲಿನಷ್ಟು ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿಲ್ಲ, ಆದರೂ ದಿನದ ಬಹುಭಾಗ ಅವು ಗಿಡ್ಡವಾಗಿಯೇ ಇರುತ್ತವೆ. ಎ.ಎಸ್. ಇರುವವರಿಗೆ ಇದು ಗಂಭೀರ ವಿಷಯ. ಬೆನ್ನು ಮುಂದೆ ಬಾಗಿ ಕುಳಿತರೆ ನೋವು ಸ್ವಲ್ಪ ಕಡಿಮೆ ಎನಿಸುತ್ತದೆ, ಹಾಗಾಗಿ ದೇಹ ತಾನಾಗಿ ಆ ಭಂಗಿಗೆ ಜಾರುತ್ತದೆ. ಎಂದಾದರೂ ಬೆನ್ನು ಬೆಸೆಯುವುದೇ ಆದರೆ, ಅದು ನಾವು ಹೆಚ್ಚು ಹೊತ್ತು ಇದ್ದ ಭಂಗಿಯಲ್ಲೇ ಬೆಸೆಯುತ್ತದೆ. ನೆಟ್ಟಗೆ ಬೆಸೆದ ಬೆನ್ನಿನವರು ಎದುರಿಗಿದ್ದವರ ಮುಖ ನೋಡಿ ಮಾತಾಡಬಲ್ಲರು, ರಸ್ತೆ ದಾಟಬಲ್ಲರು, ಪೂರ್ತಿ ಉಸಿರು ಎಳೆಯಬಲ್ಲರು. ಬಾಗಿ ಬೆಸೆದರೆ ನೋಟವೆಲ್ಲ ನೆಲದ ಮೇಲೆಯೇ. ಎರಡು ಬದುಕುಗಳ ನಡುವಿನ ವ್ಯತ್ಯಾಸ ಇದು.

ಇಷ್ಟು ಹೇಳಿದ ಮೇಲೆ ಸ್ಟ್ರೆಚಿಂಗ್‌ನಿಂದ ಆಗದ್ದನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತೆ. ಬೆಸೆದ ಮೂಳೆಯನ್ನು ಯಾವ ಚಾಚುವಿಕೆಯೂ ಬಿಡಿಸದು. ಹೊಸ ಮೂಳೆ ಬೆಳೆಯುವುದನ್ನು ವ್ಯಾಯಾಮವೊಂದೇ ನಿಲ್ಲಿಸುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು ಮುಂತಾದವುಗಳಿಂದ ಮುದುಡಿದ ಕೀಲುಗಳ ಬಗ್ಗೆ ಆಸ್ಟ್ರೇಲಿಯಾದ ಲೀಸಾ ಹಾರ್ವಿ ಮತ್ತು ಸಂಗಡಿಗರು ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ಬೇರೆಯವರು ಹಿಡಿದು ಚಾಚುವುದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇದನ್ನು ಓದಿ ನಿರಾಶರಾಗಬೇಕಿಲ್ಲ, ಆದರೆ ಒಂದು ಪಾಠ ಕಲಿಯಬೇಕು. ಚಾಚಿ ಗಳಿಸಿದ ಚಲನೆಯನ್ನು ಆ ದಿನವೇ ಬಳಸಬೇಕು: ನಡೆಯಬೇಕು, ಕೈ ಎತ್ತಿ ಅಟ್ಟದ ಡಬ್ಬಿ ಇಳಿಸಬೇಕು, ಬೆನ್ನಿನ ಹಿಂಭಾಗದ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. ಎ.ಎಸ್. ಕುರಿತ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2008ರಲ್ಲಿ ಹೇಳಿದ್ದು ಹೀಗೆ: ಏನೂ ಮಾಡದಿರುವುದಕ್ಕಿಂತ ಮನೆಯಲ್ಲಿ ಮಾಡುವ ವ್ಯಾಯಾಮ ಮೇಲು, ಅದಕ್ಕಿಂತ ಫಿಸಿಯೋಥೆರಪಿಸ್ಟ್ ಮುಂದೆ ಗುಂಪಿನಲ್ಲಿ ಮಾಡುವುದು ಮೇಲು. ಲಾಭ ಬೆಟ್ಟದಷ್ಟಲ್ಲ, ಆದರೆ ಇದೆ.

ಉರಿಯೂತದ ಮೇಲೆ ಚಾಚುವಿಕೆಯ ಪರಿಣಾಮ ಏನು ಎಂಬ ಪ್ರಶ್ನೆಗೆ ಪ್ರಾಣಿಗಳ ಎರಡು ಪ್ರಯೋಗಗಳು ಎದುರುಬದುರಾಗಿ ನಿಂತಿವೆ. ಬಾಸ್ಟನ್‌ನಲ್ಲಿ ಹೆಲೆನ್ ಲಾಂಜ್‌ವಿನ್ ಅವರ ತಂಡ ಬೆನ್ನಿನ ಅಂಗಾಂಶದಲ್ಲಿ ಉರಿಯೂತ ಉಂಟುಮಾಡಿದ ಇಲಿಗಳನ್ನು ಮೆಲ್ಲಗೆ ಎತ್ತಿ, ಮುಂಗಾಲುಗಳಿಂದ ಮೇಜಿನ ಅಂಚು ಹಿಡಿಯಲು ಬಿಟ್ಟು, ಹತ್ತು ನಿಮಿಷ ದಿನಕ್ಕೆರಡು ಬಾರಿ ಚಾಚಿತು. 2016ರ ಈ ವರದಿಯಲ್ಲಿ ಚಾಚಿದ ಇಲಿಗಳ ಉರಿಯೂತ ಬೇಗ ಇಳಿದಿತ್ತು. ಇತ್ತ ಬೆಲ್ಜಿಯಂನ ಗೆಂಟ್ ನಗರದ ವಿಜ್ಞಾನಿಗಳು 2014ರಲ್ಲಿ, ಟಿಎನ್‌ಎಫ್ ಅತಿಯಾಗಿ ಉತ್ಪಾದಿಸುವ ಇಲಿಗಳ ಹಿಂಗಾಲುಗಳಿಗೆ ಭಾರ ಬೀಳದಂತೆ ಮಾಡಿದಾಗ ಹಿಮ್ಮಡಿಯ ರಜ್ಜುವಿನ ಉರಿಯೂತವೇ ತಗ್ಗಿತೆಂದು ತೋರಿಸಿದ್ದರು. ಒಂದು ಎಳೆತ ಹಿತ ಎನ್ನುತ್ತದೆ, ಇನ್ನೊಂದು ಭಾರವೇ ಬೆಂಕಿಗೆ ಗಾಳಿ ಎನ್ನುತ್ತದೆ. ನನ್ನ ಓದಿನಲ್ಲಿ ಇವೆರಡಕ್ಕೂ ಜಗಳವಿಲ್ಲ. ಉರಿಯುತ್ತಿರುವ ರಜ್ಜುವಿನ ಮೇಲೆ ಜೋರಿನ ಹೊರೆ ಬೇಡ, ಹದವಾದ ಎಳೆತ ಇರಲಿ. ನೋವು ಕೆರಳಿದ ವಾರದಲ್ಲಿ ಜಿಗಿತ, ಭಾರ ಎತ್ತುವುದನ್ನು ಬದಿಗಿಟ್ಟು ಚಾಚುವುದನ್ನು ಮಾತ್ರ ಉಳಿಸಿಕೊಳ್ಳಿ ಎಂದು ಫಿಸಿಯೋಥೆರಪಿಸ್ಟರು ಹೇಳುವುದೂ ಇದಕ್ಕೆ ಹೊಂದುತ್ತದೆ.

ಹೆದರಲೇಬೇಕಾದ ಸಂಗತಿಗಳು ಕೆಲವಿವೆ. ಕ್ಷೌರ ಮುಗಿದ ಮೇಲೆ ಕತ್ತು ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಎ.ಎಸ್. ಇರುವವರು ಇದಕ್ಕೆ ಎಂದೂ ಕತ್ತು ಕೊಡಬಾರದು. ಬೆಸೆದ ಬೆನ್ನು ನೋಡಲು ಗಟ್ಟಿ, ಒಳಗೆ ಮೂಳೆ ಸವೆದು ಟೊಳ್ಳಾಗಿರುತ್ತದೆ. ಸಣ್ಣ ಎಡವಿಕೆಗೂ ಮುರಿಯಬಹುದು, ಮುರಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಬಿದ್ದ ಮೇಲೆ ಹೊಸ ಬಗೆಯ ನೋವು ಬಂದರೆ ಹಳೆಯ ನೋವೇ ಎಂದು ಸುಮ್ಮನಿರದೆ ಸ್ಕ್ಯಾನ್ ಮಾಡಿಸಬೇಕು. ಬೆನ್ನಿನ ಮೇಲೆ ಹತ್ತಿ ತುಳಿಸಿಕೊಳ್ಳುವುದು, ಯಾರೋ ಹಿಡಿದು ಬಲವಾಗಿ ಬಗ್ಗಿಸುವುದು ಸರ್ವಥಾ ಕೂಡದು. ಟೊಳ್ಳು ಮೂಳೆ ಇರುವವರು ಮುಂದೆ ಬಾಗುವ ವ್ಯಾಯಾಮದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಿನಾಕಿ ಮತ್ತು ಮಿಕೆಲ್ಸನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಳೆ ಸವೆತವಿದ್ದ ಮಹಿಳೆಯರ ಪೈಕಿ ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಮಂದಿಗೆ ಕಶೇರು ಕುಸಿತ ಮುಂದುವರಿದಿತ್ತು. ಹಿಂದಕ್ಕೆ ಬೆನ್ನು ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು 16 ಮಾತ್ರ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಸಹಿಸದಂತಾದರೆ ಅದೂ ಈ ಕಾಯಿಲೆಯ ಕೈವಾಡವೇ ಇರಬಹುದು, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬೀಡಿ ಸಿಗರೇಟು ಬೆನ್ನು ಬೆಸೆಯುವುದನ್ನು ಬೇಗ ಮಾಡುತ್ತವೆ.

ಸರಿ, ಮನೆಯೊಳಗೆ ಇದನ್ನು ದಿನದ ಭಾಗವಾಗಿಸುವುದು ಹೇಗೆ? ಕಾಗದದ ಮೇಲೆ ಇಪ್ಪತ್ತು ಚಿತ್ರಗಳಿರುವ ವ್ಯಾಯಾಮದ ಹಾಳೆ ಆಸ್ಪತ್ರೆಯಲ್ಲಿ ಸಿಗುತ್ತದೆ. ಮೊದಲ ವಾರ ಎಲ್ಲವನ್ನೂ ಮಾಡಿ, ಎರಡನೇ ವಾರ ಅರ್ಧ ಮಾಡಿ, ಮೂರನೇ ವಾರಕ್ಕೆ ಹಾಳೆ ಫೈಲು ಸೇರುವುದೇ ಹೆಚ್ಚು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು ಹೊಸ ಅಭ್ಯಾಸಗಳು ಹೇಗೆ ನೆಲೆಯೂರುತ್ತವೆ ಎಂದು ನೋಡಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಒಂದು ಕೆಲಸ ಯೋಚಿಸದೆಯೇ ಆಗುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ. ಆ ಅಧ್ಯಯನದಲ್ಲಿ ಭಾಗವಹಿಸಿದವರು ಹೊಸ ಕೆಲಸವನ್ನು ದಿನವೂ ತಪ್ಪದೆ ನಡೆಯುವ ಒಂದು ಹಳೆಯ ಕೆಲಸದ ಬೆನ್ನಿಗೆ ಕಟ್ಟಿದ್ದರು.

ನಮ್ಮ ದಿನದಲ್ಲಿ ಅಂಥ ಗೂಟಗಳಿಗೆ ಕೊರತೆಯಿಲ್ಲ. ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮೊದಲು, ಮೈ ಮುರಿಯುವುದು ನಮಗೂ ಹಲವು ಪ್ರಾಣಿಗಳಿಗೂ ಹುಟ್ಟಿನಿಂದ ಬಂದದ್ದು. ಅದನ್ನೇ ಸ್ವಲ್ಪ ಉದ್ದ ಮಾಡಿ: ಕೈಗಳನ್ನು ತಲೆಯ ಮೇಲಕ್ಕೆ ಚಾಚಿ, ಮಂಡಿ ಮಡಿಸಿ ಎರಡೂ ಕಾಲುಗಳನ್ನು ಒಟ್ಟಿಗೆ ಎಡಕ್ಕೂ ಬಲಕ್ಕೂ ಹೊರಳಿಸಿ. ಬಿಸಿನೀರಿನ ಸ್ನಾನ ಆದ ಮೇಲಿನ ಹತ್ತು ನಿಮಿಷ ದಿನದಲ್ಲೇ ಅತ್ಯಂತ ಬೆಲೆಬಾಳುವ ಹೊತ್ತು. ಬಾಗಿಲ ಚೌಕಟ್ಟಿಗೆ ಎರಡೂ ಮೊಣಕೈ ಊರಿ ಒಂದು ಹೆಜ್ಜೆ ಮುಂದಿಟ್ಟರೆ ಎದೆ ತೆರೆದುಕೊಳ್ಳುತ್ತದೆ. ಅಲ್ಲೇ ನಿಂತು ನಾಲ್ಕೈದು ದೀರ್ಘ ಉಸಿರು ಎಳೆಯಬೇಕು, ಏಕೆಂದರೆ ಪಕ್ಕೆಲುಬು ಬೆನ್ನಿಗೆ ಸೇರುವ ಕೀಲುಗಳನ್ನೂ ಈ ಕಾಯಿಲೆ ಹಿಡಿಯುತ್ತದೆ. ಉಸಿರು ಎಳೆದಾಗ ಎದೆಯ ಸುತ್ತಳತೆ ಐದು ಸೆಂಟಿಮೀಟರಿನಷ್ಟು ಹಿಗ್ಗಬೇಕಾದಲ್ಲಿ ಕೆಲವರಿಗೆ ಎರಡೂ ಹಿಗ್ಗುವುದಿಲ್ಲ. ಆ ಕೀಲುಗಳನ್ನು ಚಾಚಲು ಹೊರಗಿನಿಂದ ದಾರಿಯಿಲ್ಲ, ಒಳಗಿನ ಗಾಳಿಯೇ ಸಾಧನ.

ಸಂಜೆ ಟಿ.ವಿ. ನೋಡುವ ಹೊತ್ತು ಬೋರಲು ಮಲಗುವುದಕ್ಕೆ ಸರಿ. ಹದಿನೈದು ಇಪ್ಪತ್ತು ನಿಮಿಷ ಹೊಟ್ಟೆಯ ಮೇಲೆ ಮಲಗುವುದು ಎ.ಎಸ್. ರೋಗಿಗಳಿಗೆ ಬಹಳ ಹಿಂದಿನಿಂದ ಹೇಳಿಕೊಂಡು ಬಂದ ಸಲಹೆ. ಇಡೀ ದಿನ ಕುರ್ಚಿಯಲ್ಲಿ ಮಡಿಚಿಕೊಂಡಿದ್ದ ಸೊಂಟದ ಮುಂಭಾಗವನ್ನು ಭೂಮಿಯ ಸೆಳೆತವೇ ಚಾಚುತ್ತದೆ, ನಾವು ಏನೂ ಮಾಡಬೇಕಿಲ್ಲ. ಪೂರ್ತಿ ಮಲಗಲಾಗದವರು ಎದೆಯ ಕೆಳಗೆ ದಿಂಬು ಇಟ್ಟುಕೊಳ್ಳಬಹುದು. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಎರಡು ಕೈ ಹಿಂದೆ ಕಟ್ಟಿ ಎದೆ ಎತ್ತುವುದಕ್ಕೆ ಅರ್ಧ ನಿಮಿಷ ಸಾಕು. ಯಾರಾದರೂ ನೋಡಿದರೆ ನೋಡಲಿ.

ದಿಂಬು, ಕುರ್ಚಿ, ಗೋಡೆಗಳ ಆಸರೆ ಪಡೆಯುವುದು ಸೋಲು ಎಂದು ಭಾವಿಸುವವರಿಗೆ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ಹುಡುಗನನ್ನು ನೆನಪಿಸಬೇಕು. ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ವರ್ಷವಾದ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡವರು. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಬಂದಾಗ ಅವರದು ಬಡಕಲು ಮೈ. ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ತಿಗೆ ಯೋಗ ಕಲಿಸಿದ ಅವರು, ಬಾಗದ ಮೈಯವರಿಗೂ ಕಾಯಿಲೆಯವರಿಗೂ ಆಸನಗಳು ಎಟುಕಲೆಂದು ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿ, ಕಂಬಳಿಗಳನ್ನು ಬಳಕೆಗೆ ತಂದರು. ಯೋಗ ಎ.ಎಸ್. ಅನ್ನು ವಾಸಿ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ದೇಹವನ್ನು ಆಸನಕ್ಕೆ ಬಲವಂತವಾಗಿ ಒಗ್ಗಿಸದೆ ಆಸನವನ್ನೇ ದೇಹದ ಹತ್ತಿರಕ್ಕೆ ತರಬಹುದು ಎಂಬ ಅವರ ಆ ದಾರಿ ದೀರ್ಘ ಕಾಯಿಲೆಯ ಎಲ್ಲರಿಗೂ ಬೇಕಾದದ್ದು.

ನೋವು ಕೆರಳಿದ ದಿನಗಳ ಬಗ್ಗೆ ಒಂದು ಮಾತು. ಅಂಥ ದಿನ ಪೂರ್ತಿ ಬಿಟ್ಟುಬಿಡುವುದೂ ತಪ್ಪು, ಹಟ ಹಿಡಿದು ಎಲ್ಲ ಮಾಡುವುದೂ ತಪ್ಪು. ಬೋರಲು ಮಲಗಿ ಉಸಿರಾಡಿದರೂ ಆ ದಿನದ ಲೆಕ್ಕಕ್ಕೆ ಬಂತು. ವ್ಯಾಯಾಮದಿಂದ ಹೆಚ್ಚಿದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಅಷ್ಟು ಮಾಡಬಾರದು ಎಂಬುದು ಸಂಧಿವಾತದ ಚಿಕಿತ್ಸೆಯಲ್ಲಿ ರೂಢಿಯಲ್ಲಿರುವ ಅಳತೆ. ಇದು ಎಲ್ಲ ಕಾಯಿಲೆಗೂ ಒಂದೇ ಅಲ್ಲ. ಕೀಲುಗಳು ಹುಟ್ಟಿನಿಂದಲೇ ಅತಿಯಾಗಿ ಸಡಿಲವಿರುವ ಎಹ್ಲರ್ಸ್-ಡ್ಯಾನ್ಲಾಸ್‌ನಂಥ ಸ್ಥಿತಿಯವರು ಕೊನೆಯ ಮಿತಿಯವರೆಗೆ ಚಾಚುವುದು ಅಪಾಯ. ಸಣ್ಣ ಶ್ರಮಕ್ಕೂ ದಿನಗಟ್ಟಲೆ ಕುಸಿಯುವ ದೀರ್ಘ ಬಳಲಿಕೆಯ ಕಾಯಿಲೆಯವರಿಗೆ ಮೇಲಿನ ಎರಡು ಗಂಟೆಯ ಅಳತೆ ನಡೆಯದು, ಅವರ ದಂಡ ಮರುದಿನ ಅಥವಾ ಅದರ ಮರುದಿನ ಬರುತ್ತದೆ.

ಎ.ಎಸ್. ಗಂಡಸರ ಕಾಯಿಲೆ ಎಂಬ ಹಳೆಯ ನಂಬಿಕೆಯಿಂದ ಹೆಣ್ಣುಮಕ್ಕಳಲ್ಲಿ ಇದು ಪತ್ತೆಯಾಗುವುದು ಇನ್ನೂ ತಡ. ಪತ್ತೆಯಾದ ಮೇಲೂ ಅವರ ಬೆಳಗು ಅವರ ಕೈಯಲ್ಲಿರುವುದಿಲ್ಲ. ಮೈ ಅತ್ಯಂತ ಬಿಗಿ ಇರುವ ಹೊತ್ತಿಗೇ ನೆಲ ಒರೆಸಬೇಕು, ಡಬ್ಬಿ ಕಟ್ಟಬೇಕು, ಮಕ್ಕಳನ್ನು ಎಬ್ಬಿಸಬೇಕು. ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಆ ಮೊದಲ ಒಂದು ಗಂಟೆಯ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಿ. ಇದು ಔಷಧಿ ತಂದುಕೊಟ್ಟಷ್ಟೇ ಮುಖ್ಯವಾದ ಸಹಾಯ.

ಕೊನೆಗೆ, ಅಳೆದು ನೋಡಿ. ಇದಕ್ಕೆ ಬೇಕಿರುವುದು ಒಂದು ಗೋಡೆ, ಒಂದು ಸ್ಕೇಲು. ಹಿಮ್ಮಡಿ, ಪಿರ್ರೆ, ಭುಜ ಗೋಡೆಗೆ ತಾಗುವಂತೆ ನಿಂತು, ಗದ್ದ ಮೇಲೆತ್ತದೆ ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸಲು ನೋಡಿ. ಆರೋಗ್ಯವಂತರ ತಲೆ ತಾಗುತ್ತದೆ, ಅಂತರ ಸೊನ್ನೆ. ತಾಗದಿದ್ದರೆ ಮನೆಯವರೊಬ್ಬರು ಆ ಅಂತರ ಅಳೆದು ತಾರೀಖಿನ ಜೊತೆ ಬರೆದಿಡಲಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಸಂಜೆಯಾದರೆ ಸಂಜೆಯೇ, ಮತ್ತೆ ಅಳೆಯಿರಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೆಳಗಿನ ಬೆನ್ನುನೋವು ಇದ್ದು ಇನ್ನೂ ಹೆಸರು ಸಿಗದ ಯುವಕ ಯುವತಿಯರು ಮೂಳೆ ತಜ್ಞರಲ್ಲಿಗೆ ಮಾತ್ರ ಹೋಗಿ ನಿಲ್ಲದೆ ಸಂಧಿವಾತ ತಜ್ಞರನ್ನು, ಅಂದರೆ ರುಮಟಾಲಜಿಸ್ಟರನ್ನು ಕಾಣಬೇಕು. ಜಗತ್ತಿನಾದ್ಯಂತ ಈ ಕಾಯಿಲೆ ಪತ್ತೆಯಾಗಲು ಸರಾಸರಿ ಆರೇಳು ವರ್ಷ ತಗಲುತ್ತಿದೆ. ಈಗಾಗಲೇ ಚಿಕಿತ್ಸೆಯಲ್ಲಿರುವವರು, ದಿನವೂ ಚಾಚುತ್ತಿದ್ದರೂ ಗೋಡೆಯ ಅಂತರ ಹೆಚ್ಚುತ್ತಿದೆ ಎಂದು ಕಂಡರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ. ಆ ಬರೆದಿಟ್ಟ ಅಂಕಿಗಳನ್ನು ವೈದ್ಯರ ಮುಂದಿಡಿ. ಔಷಧಿ ಬದಲಿಸಬೇಕೇ ಎಂದು ತೀರ್ಮಾನಿಸಲು ಅವರಿಗೆ ಅವು ಬೇಕು.